ಹುಣಸೆಹಣ್ಣಿನಲ್ಲಿ ತೊಳೆದ ಶಿಲುಬೆ

ನನಗೆ ಖೋಟಾ ಕಂಡರೆ ಆಗುವುದಿಲ್ಲ. ಇದು ಹುಟ್ಟುಗುಣ. ತುಪ್ಪಕ್ಕೆ ಡಾಲ್ಡಾ ಬೆರೆಸಿದ್ದರೆ ಮೂಗಿಗೆ ಗೊತ್ತಾಗಿಬಿಡುತ್ತದೆ, ಗೊತ್ತಾದ ಮೇಲೆ ಬಾಯಿ ಸುಮ್ಮನಿರುವುದಿಲ್ಲ. "ಕೋಪ ಮೂಗಿನ ತುದೀಲೇ ಇಟ್ಕೊಂಡಿರ್ತೀಯಲ್ಲೇ, ಸ್ವಲ್ಪ ಒಳಗೆ ತಳ್ಳು" ಎಂದು ಅಮ್ಮ ಹೇಳಿ ಹೇಳಿ ಸೋತಿದ್ದಳು. ದೇವರು ಇಂಥವಳಿಗೆ ಇಂಥದೇ ಕೆಲಸ ಕೊಟ್ಟ. ತೊಂಬತ್ತರ ದಶಕದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮ್ ಹತ್ತಿರದ ಒಂದು ಕಾರ್ಖಾನೆಯ ಲ್ಯಾಬಿಗೆ ಸೇರಿದೆ. ಲೋಹದ ಮೇಲಿನ ಲೇಪ ಎಷ್ಟು ದಪ್ಪ, ಎಷ್ಟು ಗಟ್ಟಿ, ಎಲ್ಲಿ ಸಿಪ್ಪೆ ಏಳುತ್ತದೆ ಎಂದು ನೋಡುವುದು ನನ್ನ ಕೆಲಸ.

ಆ ಊರಿನಲ್ಲಿ ಬ್ಯಾಡ್ಜು, ಪದಕ ಹೊಡೆಯುವ ಕಸುಬು ಹಳೆಯದು. ಲ್ಯಾಬಿನ ಹಿರಿಯರೊಬ್ಬರಿಗೆ ಹಳೆಯ ಪದಕಗಳ ಹುಚ್ಚು. ಒಂದು ದಿನ ಅವರು ಜರ್ಮನ್ ಸೈನ್ಯದ ಶಿಲುಬೆಯಾಕಾರದ ಪದಕವೊಂದನ್ನು ತಂದು ನನ್ನ ಸೂಕ್ಷ್ಮದರ್ಶಕದ ಕೆಳಗಿಟ್ಟು, "ಏನನ್ನಿಸುತ್ತೆ?" ಎಂದರು. "ಇದಕ್ಕೆ ತುಕ್ಕು ಹಿಡಿಸಿರೋದು ಹೋದ ವರ್ಷ" ಎಂದೆ. ಅವರ ಮುಖ ಸಪ್ಪಗಾಯಿತು. ಮಾರನೆಯ ವಾರ ಇನ್ನೂ ಮೂರು ತಂದರು. ಅಲ್ಲಿಂದ ಭಾನುವಾರದ ಹಳೇ ಸಾಮಾನಿನ ಸಂತೆಗಳಿಗೆ ಹೋಗತೊಡಗಿದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಗಂಡನಿಗೆ ಪಾಳಿಯಲ್ಲಿ ಭಾನುವಾರ ಬಿಡುವಿದ್ದುದೇ ಅಪರೂಪ, ಮನೆಯಲ್ಲಿ ಒಬ್ಬಳೇ ಕೂತು ಮಾಡುವುದೇನು? ಸೀರೆ ಉಟ್ಟುಕೊಂಡು ಭೂತಗನ್ನಡಿ ಹಿಡಿದು ಜರ್ಮನ್ ಶಿಲುಬೆ ನೋಡುವ ಹೆಂಗಸನ್ನು ಆ ಗಂಡಸರೆಲ್ಲ ಮೊದಮೊದಲು ಮಜವಾಗಿ ನೋಡುತ್ತಿದ್ದರು. ಆಮೇಲೆ ಹೆದರತೊಡಗಿದರು.

ಪರೀಕ್ಷೆ ಅಂಥ ಬ್ರಹ್ಮವಿದ್ಯೆಯೇನಲ್ಲ. ಮೊದಲು ಅಯಸ್ಕಾಂತ ಹಿಡಿಯಬೇಕು, ಕಬ್ಬಿಣವಿರಬೇಕಾದ ಕಡೆ ಕಬ್ಬಿಣ ಇದೆಯೋ ಇಲ್ಲವೋ ಎಂದು. ಅಚ್ಚು ಒತ್ತಿ ಹೊಡೆದದ್ದಾದರೆ ಅಕ್ಷರದ ಅಂಚು ಚೂಪಾಗಿರುತ್ತದೆ, ಎರಕ ಹೊಯ್ದ ನಕಲಾದರೆ ಚೀಪಿದ ಪೆಪ್ಪರಮೆಂಟಿನ ಹಾಗೆ ಮೊಂಡಾಗಿರುತ್ತದೆ. ಎದೆಗೆ ಉಜ್ಜಿ ಸವೆದದ್ದು ಉಬ್ಬಿದ ಕಡೆ ಸವೆದಿರಬೇಕು, ಹಳ್ಳದಲ್ಲಿ ಸವೆದಿದ್ದರೆ ಯಾರೋ ಬೇಕೆಂದೇ ಉಪ್ಪುಕಾಗದ ಹಾಕಿ ತಿಕ್ಕಿದ್ದಾರೆ ಎಂದರ್ಥ. ಬೆಳ್ಳಗಿರೋದೆಲ್ಲ ಹಾಲಲ್ಲ ಎಂದು ನಮ್ಮವರು ಸುಮ್ಮನೆ ಹೇಳಿಲ್ಲ.

ಆ ಜರ್ಮನ್ ಪದಕಗಳಲ್ಲಿ ಮೊದಲ ಮಹಾಯುದ್ಧದ ನೆನಪಿಗೆ ಕೊಟ್ಟ ಗೌರವ ಶಿಲುಬೆ ಎಂದೊಂದಿದೆ. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ಹಂಚಿದ್ದು, ಮೂರು ಬಗೆಯದು. ಮುಂಚೂಣಿಯಲ್ಲಿ ಕಾದಾಡಿದವನಿಗೆ ಕತ್ತಿಗಳಿರುವ ಕಂಚುಬಣ್ಣದ್ದು. ಹಿಂದೆ ನಿಂತು ಅಡುಗೆಯೋ ಗುಮಾಸ್ತಿಕೆಯೋ ಮಾಡಿದವನಿಗೆ ಕತ್ತಿ ಇಲ್ಲದ್ದು. ಗಂಡನನ್ನೋ ಮಗನನ್ನೋ ಕಳೆದುಕೊಂಡವರಿಗೆ ಕತ್ತಿ ಇಲ್ಲದ ಅದೇ ಶಿಲುಬೆ, ಆದರೆ ಕಪ್ಪು ಅರಗಿನ ಲೇಪದ್ದು. ಸಂತೆಯವರು ಅದನ್ನು ವಿಧವೆಯ ಶಿಲುಬೆ ಎನ್ನುತ್ತಿದ್ದರು. ಎರಡನೆಯದಕ್ಕೂ ಮೂರನೆಯದಕ್ಕೂ ಆಕಾರದಲ್ಲಿ ಏನೂ ವ್ಯತ್ಯಾಸವಿಲ್ಲ, ಇರುವುದೆಲ್ಲ ಬಣ್ಣದಲ್ಲಿ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಎರಡು ಸಾವಿರದ ಇಸವಿಯ ಆಚೀಚೆ, ನಮ್ಮ ಹತ್ತಿರದ ಟಿವಿಡೇಲ್‌ನಲ್ಲಿ ಬಾಲಾಜಿ ದೇವಸ್ಥಾನವನ್ನು ಇನ್ನೂ ಕಟ್ಟುತ್ತಿದ್ದ ಕಾಲದಲ್ಲಿ, ಅಮ್ಮ ಮೈಸೂರಿನಿಂದ ಆರು ತಿಂಗಳ ವೀಸಾ ಹಿಡಿದು ಬಂದಳು. ಬಂದ ವಾರದೊಳಗೆ ನಾವಿಬ್ಬರೂ ಜಗಳ ಶುರುಮಾಡಿದೆವು. ಜಗಳದ ವಿಷಯ ಹಳೆಯದೇ, ಅವಳ ಹಣೆಯ ಕುಂಕುಮ.

ನನ್ನ ತಂದೆ ನಾನು ಎಂಟು ವರ್ಷದವಳಿದ್ದಾಗ ಮನೆ ಬಿಟ್ಟು ಹೋದರು. ಸನ್ಯಾಸಕ್ಕಲ್ಲ, ಹುಬ್ಬಳ್ಳಿಯಲ್ಲಿ ಇನ್ನೊಂದು ಸಂಸಾರಕ್ಕೆ. ಅಮ್ಮ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನನ್ನನ್ನು ಓದಿಸಿದಳು. ಅವರು ಒಂದು ಪತ್ರ ಹಾಕಲಿಲ್ಲ, ನಾನು ಇದ್ದೆನೋ ಸತ್ತೆನೋ ಕೇಳಲಿಲ್ಲ. ಆದರೂ ಅಮ್ಮ ಬೆಳಗೆದ್ದು ಸ್ನಾನ ಮಾಡಿ ಕನ್ನಡಿಯ ಮುಂದೆ ನಿಂತು ಕಾಸಿನಗಲ ಕುಂಕುಮ ಇಡುತ್ತಿದ್ದಳು. ಕೊರಳಲ್ಲಿ ತಾಳಿ, ಕಾಲಲ್ಲಿ ಉಂಗುರ, ಒಂದೂ ಇಳಿದಿರಲಿಲ್ಲ. ನನಗೆ ಮೈ ಉರಿಯುತ್ತಿತ್ತು.

"ಯಾವ ಮಹಾನುಭಾವನಿಗಮ್ಮ ಈ ನಾಟಕ? ಖೋಟಾ ಕುಂಕುಮ ಇದು" ಎಂದೆ ಒಂದು ಬೆಳಿಗ್ಗೆ.

"ನಿನ್ನ ಹಣೆಗೆ ಇಟ್ಟಿಲ್ಲವಲ್ಲ, ಸುಮ್ಮನಿರು" ಎಂದಳು. ಕಾಫಿ ಬೆರೆಸಿಕೊಟ್ಟಳು. ಅವಳ ಜಗಳವೆಲ್ಲ ಅಷ್ಟೇ, ಅದೇ ನನಗೆ ಇನ್ನೂ ಸಿಟ್ಟು ತರಿಸುತ್ತಿತ್ತು.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದರು. ಜರ್ಮನಿಯವರು. ಎರಡನೆಯ ಯುದ್ಧ ಮುಗಿದ ಮೇಲೆ ಒಬ್ಬ ಇಂಗ್ಲಿಷ್ ಸಿಪಾಯಿಯನ್ನು ಮದುವೆಯಾಗಿ ಇಲ್ಲಿಗೆ ಬಂದವರು, ಅವನೂ ತೀರಿಕೊಂಡು ಬಹಳ ವರ್ಷವಾಗಿತ್ತು. ಎಲ್ಲರನ್ನೂ ಇಲ್ಲಿಯವರ ಹಾಗೆ 'ಲವ್' ಎಂದೇ ಕರೆಯುತ್ತಿದ್ದರು. ಅಮ್ಮನಿಗೂ ಅವರಿಗೂ ಬೇಲಿಯ ಮೇಲೆ ಸ್ನೇಹ ಕುದುರಿತ್ತು. ಇವಳ ಇಂಗ್ಲಿಷು ನಾಲ್ಕು ಮಾತು, ಅವರ ಕನ್ನಡ ಸೊನ್ನೆ. ಇವಳು ಕೊತ್ತಂಬರಿ ಕೊಡುವುದು, ಅವರು ಪ್ಲಮ್ ಹಣ್ಣಿನ ಕೇಕು ಕೊಡುವುದು, ಇಬ್ಬರೂ ತಲೆ ಆಡಿಸುವುದು. ಅದರಲ್ಲೇ ಅರ್ಧ ಗಂಟೆ ಕಳೆಯುತ್ತಿತ್ತು.

ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಇರುವಾಗ ಸಂಜೆ ಅಜ್ಜಿ ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಕರವಸ್ತ್ರದ ಸಣ್ಣ ಗಂಟು. ಬಿಚ್ಚಿದರೆ ಕಪ್ಪು ಶಿಲುಬೆ.

"ನನ್ನ ಅಮ್ಮನದು. ನನ್ನ ತಂದೆ ಆ ಯುದ್ಧದಲ್ಲಿ ಹೋದರು" ಎಂದರು. ಅವರು ಬೆಳೆದ ಊರಿನ ಚರ್ಚಿನಲ್ಲಿ ಆ ಊರಿನ ವಿಧವೆಯರ ಶಿಲುಬೆಗಳನ್ನೆಲ್ಲ ಸೇರಿಸಿ, ಹೆಸರು ಬರೆದು, ಗೋಡೆಗೆ ತೂಗುಹಾಕುತ್ತಾರಂತೆ. ನಕಲಿಯ ಹಾವಳಿ ಜಾಸ್ತಿಯಾದ್ದರಿಂದ ತಿಳಿದವರೊಬ್ಬರು ನೋಡಿ ಅಸಲಿ ಎನ್ನಬೇಕು ಎಂದು ಷರತ್ತು. "ಅಮ್ಮನ ಹೆಸರು ಆ ಗೋಡೆಯ ಮೇಲೆ ಬರಬೇಕು, ಲವ್. ನಾನು ಕಣ್ಣು ಮುಚ್ಚುವ ಮೊದಲು. ನನಗೆ ಇನ್ನೇನೂ ಬೇಡ." ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು.

ಮೇಲುನೋಟಕ್ಕೆ ಸರಿಯಾಗಿಯೇ ಇತ್ತು. ಅಂಚು ಚೂಪು, ಹಿಂದೆ ತಯಾರಕರ ಗುರುತು, ಅಯಸ್ಕಾಂತಕ್ಕೆ ಅಂಟಿತು. ಕಪ್ಪು ಮಾತ್ರ ಸ್ವಲ್ಪ ಮಂಕೆನಿಸಿತು. ಅಡುಗೆಮನೆಯ ದೀಪದಲ್ಲಿ ಬಣ್ಣದ ತೀರ್ಪು ಕೊಡುವಷ್ಟು ದಡ್ಡಿ ನಾನಲ್ಲ. ಲ್ಯಾಬಿಗೆ ಒಯ್ದು ನೋಡಿ ಹೇಳುತ್ತೇನೆ ಎಂದು ಗಂಟನ್ನು ಅಡುಗೆಕಟ್ಟೆಯ ಮೇಲಿಟ್ಟೆ. ಬೆಳಿಗ್ಗೆ ಬಸ್ಸಿನ ಅವಸರದಲ್ಲಿ ಅದನ್ನು ಅಲ್ಲೇ ಬಿಟ್ಟು ಹೋದೆ.

ಸಂಜೆ ಬಂದರೆ ಅಡುಗೆಕಟ್ಟೆಯ ಮೇಲೆ ಬಿಳಿ ಪಂಚೆ ಹಾಸಿ ದೇವರ ಸಾಮಾನೆಲ್ಲ ಬೋರಲು ಹಾಕಿತ್ತು. ಎರಡು ದೀಪದ ಕಂಬ, ಪಂಚಪಾತ್ರೆ, ಉದ್ಧರಣೆ, ಗಂಟೆ, ಕಳಶದ ಚೊಂಬು. ಎಲ್ಲ ಫಳಫಳ. ಅವುಗಳ ಸಾಲಿನಲ್ಲಿ ಕೊನೆಗೆ, ಗಂಟೆಯ ಪಕ್ಕದಲ್ಲಿ, ಫಳಫಳ ಹೊಳೆಯುವ ಒಂದು ಕಂಚುಬಣ್ಣದ ಶಿಲುಬೆ.

"ಅಮ್ಮಾ! ಏನು ಮಾಡಿದೆ?"

"ಏನಾಯ್ತೇ? ಹಬ್ಬಕ್ಕೆ ದೇವರ ಸಾಮಾನು ತೊಳೆದೆ. ಆ ಅಜ್ಜಿ ಪಾಪ, ವಯಸ್ಸಾಗಿದೆ, ತಿಕ್ಕೋಕೆ ಕೈಲಾಗಲ್ಲ, ಎಷ್ಟು ಕಪ್ಪು ಹಿಡಿದಿತ್ತು ಅಂತೀಯ! ಅವರ ದೇವರಾದ್ರೂ ದೇವರೇ ತಾನೆ? ಹುಣಸೆಹಣ್ಣು ಉಪ್ಪು ಹಾಕಿ ಒಂದು ಸಲ ಉಜ್ಜಿದ್ದಷ್ಟೇ, ಬಂಗಾರ ಬಂಗಾರ ಆಗೋಯ್ತು."

ನಾನು ಕೂಗಾಡಿದೆ. ಅದು ದೇವರ ಸಾಮಾನಲ್ಲ, ಆ ಕಪ್ಪೇ ಅದರ ಜೀವ, ಕಪ್ಪು ಹೋದರೆ ಅದು ಯಾವನೋ ಅಡುಗೆಭಟ್ಟನ ಪದಕ, ಒಬ್ಬ ಮುದುಕಿಯ ಕೊನೆಯ ಆಸೆಯನ್ನು ನೀನು ಮೋರಿಗೆ ಚೆಲ್ಲಿದೆ ಎಂದೆಲ್ಲ ಅಂದೆ. ಅಮ್ಮ ಹುಣಸೆಯ ಕೈಯಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟಳು. "ಅಯ್ಯೋ ರಾಮ" ಎಂದಳು.

ಉಸಿರು ತಹಬಂದಿಗೆ ಬಂದ ಮೇಲೆ ನನ್ನ ತಲೆ ಓಡಿತು. ಕಾರ್ಖಾನೆಯಲ್ಲಿ ಹಾಕಿದ ಅರಗಿನ ಲೇಪ ಹುಣಸೆಹಣ್ಣಿಗೆ ಜಗ್ಗುವುದಿಲ್ಲ. ಅಲ್ಲಲ್ಲಿ ಚಕ್ಕೆ ಏಳಬಹುದು, ಗೀರು ಬೀಳಬಹುದು, ಹೀಗೆ ಒಂದೇ ಉಜ್ಜಿಗೆ ಪೂರ್ತಿ ಕರಗಿ ಹೋಗುವುದಿಲ್ಲ. ಭೂತಗನ್ನಡಿ ತಂದು ನೋಡಿದೆ. ಅಕ್ಷರದ ಸಂದಿಯಲ್ಲಿ ಉಳಿದಿದ್ದ ಕಪ್ಪನ್ನು ಸೂಜಿಯಲ್ಲಿ ಕೆದಕಿದೆ. ಪುಡಿಪುಡಿಯಾಗಿ ಬಂತು, ಬೆರಳಿಗೆ ಸೀಸದ ಕಡ್ಡಿಯ ಹಾಗೆ ಹತ್ತಿತು. ಅಲ್ಲಿಯವರು ಕಬ್ಬಿಣದ ಒಲೆ ಹೊಳೆಯಲೆಂದು ಬಳಿಯುತ್ತಿದ್ದ ಕಪ್ಪು ಅದು. ಶಿಲುಬೆ ಹುಟ್ಟಿದ್ದು ಕಂಚುಬಣ್ಣದಲ್ಲಿ, ಕತ್ತಿ ಇಲ್ಲದೆ. ಯಾರೋ ಆಮೇಲೆ ಕೂತು ವಿಧವೆಯ ಶಿಲುಬೆ ಮಾಡಿದ್ದರು.

ಮರುದಿನ ಹಬ್ಬ. ರಜೆ ಹಾಕಿದ್ದೆ. ಅಮ್ಮ ಪೂಜೆ ಮಾಡಿದಳು, ಮುಖದಲ್ಲಿ ಕಳೆ ಇರಲಿಲ್ಲ. ಮಧ್ಯಾಹ್ನ ಅಜ್ಜಿ ತಾವೇ ಬಂದರು. ನಾನು ಶಿಲುಬೆಯನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೂ ಒಲೆಯ ಕಪ್ಪು ಕಂಡದ್ದನ್ನೂ ಹೇಳಿದೆ. ಅಮ್ಮ ಪಕ್ಕದಲ್ಲಿ ಕೈ ಮುಗಿದು ನಿಂತಿದ್ದಳು.

ಅಜ್ಜಿ ಅದನ್ನು ಮುಟ್ಟಲಿಲ್ಲ. "ಹಾಗಾದರೆ ನಿನಗೆ ಗೊತ್ತಾಯಿತು" ಎಂದರು.

"ನಿಮಗೆ ಮೊದಲೇ ಗೊತ್ತಿತ್ತಾ?"

"ನನ್ನ ಅಮ್ಮ ಬಣ್ಣ ಬಳಿಯುವಾಗ ನಾನು ಪಕ್ಕದಲ್ಲೇ ಇದ್ದೆ."

ಅವರ ತಂದೆ ಯುದ್ಧದಲ್ಲಿ ಸತ್ತಿರಲಿಲ್ಲ. ಸೈನ್ಯದ ಬೇಕರಿಯಲ್ಲಿ ರೊಟ್ಟಿ ಸುಟ್ಟುಕೊಂಡು ಗುಂಡುಕಲ್ಲಿನ ಹಾಗೆ ವಾಪಸ್ಸು ಬಂದಿದ್ದರು. ಬಂದು ಒಂದು ಚಳಿಗಾಲ ಇದ್ದು, ಬೇರೆ ಹೆಂಗಸಿನ ಜೊತೆ ಹೊರಟುಹೋದರು. ತಾಯಿ ಮಗುವನ್ನು ಎತ್ತಿಕೊಂಡು ಗುರುತಿಲ್ಲದ ಊರಿಗೆ ಹೋಗಿ, ಗಂಡ ಯುದ್ಧದಲ್ಲಿ ಸತ್ತ ಎಂದು ಹೇಳಿ ಬಟ್ಟೆ ಒಗೆದು ಬದುಕಿದರು. ವರ್ಷಗಳ ಮೇಲೆ ಸರ್ಕಾರ ಶಿಲುಬೆ ಹಂಚಿತು. ಬೀದಿಯ ವಿಧವೆಯರೆಲ್ಲ ಕಪ್ಪು ಶಿಲುಬೆ ಧರಿಸಿ ಚರ್ಚಿಗೆ ಬಂದರು. ಎಲ್ಲರ ಕಣ್ಣೂ ಇವರ ಖಾಲಿ ಎದೆಯ ಮೇಲೆ. ಆ ವಾರ ತಾಯಿ ಹಳೇ ಸಾಮಾನಿನ ಅಂಗಡಿಯಿಂದ ಯಾರದೋ ಕತ್ತಿ ಇಲ್ಲದ ಕಂಚುಬಣ್ಣದ್ದೊಂದನ್ನು ತಂದು ಒಲೆಯ ಕಪ್ಪು ಬಳಿದರು.

"ನೀನು ಗುರುತಿಸದಿದ್ದರೆ ಇನ್ನು ಯಾರೂ ಗುರುತಿಸುವುದಿಲ್ಲ, ಅದಕ್ಕೇ ನಿನ್ನ ಹತ್ತಿರ ತಂದೆ" ಎಂದರು ಅಜ್ಜಿ. "ಮತ್ತೆ ಬಳಿದುಕೊಡುತ್ತೀಯಾ? ನೀನು ಬಳಿದರೆ ಸರಿಯಾಗಿರುತ್ತೆ. ಅಸಲಿ ಅಂತ ಎರಡು ಮಾತು ಬರೆದುಕೊಡು."

ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ಆದರೂ ಬಾಯಿ ನನ್ನದೇ ತಾನೆ. "ಕ್ಷಮಿಸಿ, ಖೋಟಾಕ್ಕೆ ಅಸಲಿ ಅಂತ ನಾನು ಬರೆಯುವುದಿಲ್ಲ" ಎಂದೆ. ಅಜ್ಜಿ ತಲೆ ಆಡಿಸಿದರು. ಶಿಲುಬೆಯನ್ನು ಮೇಜಿನ ಮೇಲೇ ಬಿಟ್ಟು, ಬಾಗಿಲು ಹಿಡಿದುಕೊಂಡು ಮೆಲ್ಲಗೆ ಮೆಟ್ಟಿಲು ಇಳಿದರು.

"ಏನಂದ್ರು? ಪೂರ್ತಿ ಹೇಳು" ಎಂದಳು ಅಮ್ಮ. ಹೇಳಿದೆ. ಅಡುಗೆಭಟ್ಟ ಗಂಡ, ಓಡಿಹೋದದ್ದು, ಚರ್ಚು, ಕಪ್ಪು, ಎಲ್ಲ. ಅಮ್ಮ ಅಷ್ಟೂ ಕೇಳಿ ಎದ್ದು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಹೊಗೆಯ ಅಲಾರ್ಮು ಕಿರುಚಿಕೊಂಡಿತು. ಓಡಿ ಹೋಗಿ ನೋಡಿದರೆ ಅಮ್ಮ ಹರಳೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ತಾಮ್ರದ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಿದ್ದಾಳೆ. ನಾನು ಸ್ಟೂಲು ಹತ್ತಿ ಟವೆಲ್ಲಿನಿಂದ ಬೀಸಿ ಬೀಸಿ ಅಲಾರ್ಮಿನ ಬಾಯಿ ಮುಚ್ಚಿಸಿದೆ.

"ಇದೇನಮ್ಮ ಹುಚ್ಚು?"

"ತೆಗೆದೋಳು ನಾನು, ಹಚ್ಚೋಳೂ ನಾನೇ. ನಿನ್ನ ಸಹಿ ಯಾರಿಗೆ ಬೇಕು?" ಎಂದಳು. ಅಮ್ಮ ನನ್ನ ಮೇಲೆ ಹಾಗೆ ಸಿಡುಕಿದ್ದು ನನಗೆ ನೆನಪಿಲ್ಲ. ಮಸಿಗೆ ಎರಡು ತೊಟ್ಟು ಎಣ್ಣೆ ಬೆರೆಸಿ, ಎಳೆಗೂಸಿನ ಕಣ್ಣಿಗೆ ಹಚ್ಚುವಷ್ಟು ನಾಜೂಕಾಗಿ ಶಿಲುಬೆಯ ನಾಲ್ಕೂ ತೋಳಿಗೆ ಹಚ್ಚಿದಳು. ಅದು ನಿಲ್ಲುವ ಬಣ್ಣವಲ್ಲ, ಮುಟ್ಟಿದರೆ ಕೈಗೆ ಬರುತ್ತದೆ. ಅವಳಿಗೂ ಅದು ಗೊತ್ತಿತ್ತು. "ನಡಿ, ಅವರ ಮನೆಗೆ. ನಾನು ಹೇಳಿದ್ದನ್ನ ಹೇಳಿದ ಹಾಗೆ ಇಂಗ್ಲಿಷಲ್ಲಿ ಹೇಳ್ಬೇಕು. ನಿನ್ನದು ಸೇರಿಸಬಾರದು."

ಅಜ್ಜಿ ಕಿಟಕಿಯ ಪಕ್ಕ ಕೂತಿದ್ದರು. ಅಮ್ಮ ತಟ್ಟೆಯಲ್ಲಿಟ್ಟಿದ್ದ ಶಿಲುಬೆಯನ್ನು ಅವರ ಮುಂದಿಟ್ಟು ಎದುರಿನ ಕುರ್ಚಿಯಲ್ಲಿ ಕೂತಳು. ಅವಳು ಹೇಳುತ್ತ ಹೋದಳು, ನಾನು ಇಂಗ್ಲಿಷಿಗೆ ತಿರುಗಿಸುತ್ತ ಹೋದೆ.

"ನನ್ನ ಗಂಡನೂ ಹಾಗೇ ಬಿಟ್ಟು ಹೋದ್ರು ಅಂತ ಹೇಳು."

ಹೇಳಿದೆ.

"ಅವರು ಇದ್ದಾರೆ ಅನ್ನೋ ಒಂದು ಮಾತಿನ ಮೇಲೆ ನಾನು ಬಾಳಿದೆ. ಹಬ್ಬ ಹುಣ್ಣಿಮೆಗೆ ಅರಿಶಿನ ಕುಂಕುಮಕ್ಕೆ ಕರೀತಿದ್ರು. ಮನಸ್ಸಿಲ್ಲದಿದ್ರೂ ಕರೀತಿದ್ರು. ಹೇಳು."

ಹೇಳಿದೆ.

"ಅವರು ತೀರಿಕೊಂಡು ನಾಲ್ಕು ವರ್ಷ ಆಯ್ತು. ಆ ಮನೆಯ ಹುಡುಗ ಹುಬ್ಬಳ್ಳಿಯಿಂದ ಬಂದು ಬಾಗಿಲಲ್ಲೇ ನಿಂತು ಹೇಳಿ ಹೋದ. ನಾನು ಯಾರಿಗೂ ಹೇಳಲಿಲ್ಲ. ಮಾರನೇ ದಿನ ಎದ್ದು ಸ್ನಾನ ಮಾಡಿ ಕುಂಕುಮ ಇಟ್ಕೊಂಡೆ."

ಅರ್ಧ ವಾಕ್ಯ ಇಂಗ್ಲಿಷಿನಲ್ಲಿ ಬಂದಿತ್ತು, ಉಳಿದರ್ಧ ಬರಲಿಲ್ಲ. ತಂದೆ ಸತ್ತ ಸುದ್ದಿಯನ್ನು ನಾನು ಕೇಳಿದ್ದು ಹೀಗೆ, ಬೇರೆಯವರಿಗೆ ಹೇಳಬೇಕಾದ ಮಾತಾಗಿ. ಅಮ್ಮ ನನ್ನ ಕಡೆ ನೋಡಲಿಲ್ಲ.

"ಯಾಕೆ ನಿಲ್ಲಿಸಿದೆ? ಹೇಳು. ಬದುಕಿದ್ದಾಗ ಆ ಮನುಷ್ಯ ನನಗೆ ಒಂದು ಮೊಳ ಹೂವು ಕೊಡಲಿಲ್ಲ. ಸತ್ತು ಇದನ್ನ ಯಾಕೆ ಕಿತ್ಕೊಂಡು ಹೋಗ್ಬೇಕು?"

ಹೇಳಿದೆ. ಅಜ್ಜಿ ಮುಂದೆ ಬಾಗಿ ಅಮ್ಮನ ಹಣೆಯನ್ನೇ ನೋಡಿದರು, ಆಮೇಲೆ ಅವಳ ಕೈ ಹಿಡಿದುಕೊಂಡರು. ಇಬ್ಬರೂ ಅತ್ತರು. ನಾನೂ ಅತ್ತೆ. ಅಪ್ಪನಿಗಾಗಿ ಅಲ್ಲ. ನಾಲ್ಕು ವರ್ಷ ಅಮ್ಮ ಆ ಸುದ್ದಿಯನ್ನು ಒಬ್ಬಳೇ ನುಂಗಿಕೊಂಡಿದ್ದಳಲ್ಲ, ನನ್ನ ಬಾಯಿಗೆ ಹೆದರಿ ನನಗೂ ಹೇಳಲಿಲ್ಲವಲ್ಲ, ಅದಕ್ಕೆ.

ಅಜ್ಜಿ ಶಿಲುಬೆಯನ್ನು ಅಂಗೈಯಲ್ಲಿ ತೆಗೆದುಕೊಂಡರು. ಕಾಡಿಗೆ ಬೆರಳಿಗೆಲ್ಲ ಹತ್ತಿತು. "ಆ ಊರಿನವರು ನನ್ನ ಅಮ್ಮ ಬದುಕಿದ್ದಾಗಲೂ ಅವಳ ಹತ್ತಿರ ಪುರಾವೆ ಕೇಳಿದರು, ಈಗಲೂ ಕೇಳುತ್ತಿದ್ದಾರೆ. ಸಾಕು. ಇದು ಎಲ್ಲಿಗೂ ಹೋಗುವುದಿಲ್ಲ, ನನ್ನ ಜೊತೆಯೇ ಬರುತ್ತೆ" ಎಂದರು. ಹಾಗೆಯೇ ಆಯಿತು. ಮುಂದಿನ ಚಳಿಗಾಲ ಅವರು ತೀರಿಕೊಂಡಾಗ ಪೆಟ್ಟಿಗೆಯಲ್ಲಿ ಅವರ ಎದೆಯ ಮೇಲೆ ಅದನ್ನು ಇಟ್ಟಿದ್ದರು. ಅರ್ಧ ಕಪ್ಪು, ಅರ್ಧ ಕಂಚು. ಅವರ ಬಿಳಿ ಬ್ಲೌಸಿಗೆ ಅಮ್ಮನ ಕಾಡಿಗೆ ಹತ್ತಿತ್ತು.

ಆ ದಿನದ ನಂತರ ನಾನು ಅಮ್ಮನ ಕುಂಕುಮದ ಮಾತೆತ್ತಲಿಲ್ಲ. ಅವಳೂ ಅಪ್ಪನ ಮಾತೆತ್ತಲಿಲ್ಲ.

ಕೆಲವು ವರ್ಷಗಳ ಮೇಲೆ ಅಮ್ಮ ಮತ್ತೆ ನಮ್ಮಲ್ಲಿಗೆ ಬಂದಿದ್ದಾಗ ಎದೆನೋವು ಎಂದು ಆಸ್ಪತ್ರೆಗೆ ಸೇರಿದವಳು ವಾಪಸ್ಸು ಬರಲಿಲ್ಲ. ಟಿವಿಡೇಲ್ ದೇವಸ್ಥಾನದಲ್ಲಿ ಪರಿಚಯವಾಗಿದ್ದ ನಾಲ್ಕು ಜನ ಕನ್ನಡದ ಹೆಂಗಸರು ಅವಳಿಗೆ ಸೀರೆ ಉಡಿಸಲು ಬಂದರು. ಶವಸಂಸ್ಕಾರದವರ ತಣ್ಣಗಿನ ಕೋಣೆ. ಆಸ್ಪತ್ರೆಯವರು ಮುಖ ಒರೆಸಿ, ಕೊರಳಿನದನ್ನೂ ಕಾಲಿನದನ್ನೂ ಬಿಚ್ಚಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಆ ಬರಿಯ ಹಣೆಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ, ನನಗೆ ಅವಳ ಗುರುತೇ ಸಿಗಲಿಲ್ಲ.

ಅವರಲ್ಲಿ ಹಿರಿಯರು, ಧಾರವಾಡದ ಕಡೆಯವರು, ಒಂದು ಕೈಯಲ್ಲಿ ಹಸಿರು ಬಳೆ, ಇನ್ನೊಂದರಲ್ಲಿ ಕುಂಕುಮದ ಭರಣಿ ಹಿಡಿದು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು. "ತಪ್ಪು ತಿಳ್ಕೋಬ್ಯಾಡ್ರಿ. ಕೇಳಲೇಬೇಕಲ್ರಿ, ಅದಕ್ಕ ಕೇಳತೀನಿ. ನಿಮ್ಮ ತಂದೆಯವರು ಅದಾರೇನು?"

"ಇದ್ದಾರೆ" ಎಂದೆ. "ಕುಂಕುಮ ದೊಡ್ಡದಾಗಿ ಇಡಿ."